ಬಿಟ್‌ಕಾಯಿನ್ ಬ್ಲಾಕ್‌ಗಳಲ್ಲಿ ಚಿತ್ರ ತುಂಬುವುದು ಸರಿನಾ?

ಪ್ರಶ್ನೆ: ನಾನು ಸ್ವಂತ ನೋಡ್ (ಬಿಟ್‌ಕಾಯಿನ್ ವಹಿವಾಟುಗಳ ಕಟ್ಟುಗಳಾದ ಬ್ಲಾಕ್‌ಗಳನ್ನು ಇಳಿಸಿಕೊಂಡು ಪರಿಶೀಲಿಸುವ ಕಂಪ್ಯೂಟರ್) ನಡೆಸುತ್ತೇನೆ. 2023ರಲ್ಲಿ ಆರ್ಡಿನಲ್ಸ್ ಅನ್ನೋ, ವಹಿವಾಟಿನೊಳಗೆ ಡೇಟಾ ಸೇರಿಸುವ ವಿಧಾನ ಬಂದ ಮೇಲೆ ಜನ ಚಿತ್ರ, ಮೀಮ್ ಎಲ್ಲಾ ಬ್ಲಾಕ್‌ಗಳಿಗೆ ತುರುಕುತ್ತಿದ್ದಾರೆ. ಹಣ ಕಳಿಸಲು ಮಾಡಿದ ಜಾಲ ಇದು, ಈ ಕಸವನ್ನು ನಾನು ಯಾಕೆ ಹೊರಬೇಕು? ತಡೆಯಲು ದಾರಿ ಇಲ್ವಾ?

ಉತ್ತರ 1: ಕಸ ಅಂತ ತೀರ್ಮಾನಿಸೋರು ಯಾರು? ಶುಲ್ಕ ಕೊಟ್ಟಿದ್ದಾರೆ, ಜಾಗ ತಗೊಂಡಿದ್ದಾರೆ. 2009ರ ಮೊದಲ ಬ್ಲಾಕ್‌ನಲ್ಲೇ ಬಿಟ್‌ಕಾಯಿನ್ ಸೃಷ್ಟಿಸಿದ ಸತೋಶಿ ಪತ್ರಿಕೆಯ ತಲೆಬರಹ ಹಾಕಿದ್ದು ಮರೆತುಹೋಯ್ತಾ?

ಉತ್ತರ 2: ಒಂದು ಸಾಲಿಗೂ ರಾಶಿ ಚಿತ್ರಗಳಿಗೂ ವ್ಯತ್ಯಾಸ ಇದೆ ಅಲ್ವಾ! ಶುಲ್ಕ ಹೋಗುವುದು ಬ್ಲಾಕ್ ಕಟ್ಟುವ ಮೈನರ್‌ಗೆ, ಹೊರೆ ಮಾತ್ರ ಎಲ್ಲ ನೋಡ್‌ಗಳಿಗೆ.

ಉತ್ತರ 3: ತಡೆಯುವುದು ಕಷ್ಟ. ನೀವು ಫಿಲ್ಟರ್ ಹಾಕಿದರೆ ಆ ವಹಿವಾಟನ್ನು ನಿಮ್ಮ ನೋಡ್ ಮುಂದಕ್ಕೆ ಕಳಿಸುವುದಿಲ್ಲ, ಅಷ್ಟೇ. ಮೈನರ್ ಅದನ್ನು ಬ್ಲಾಕ್‌ಗೆ ಸೇರಿಸಿಬಿಟ್ಟರೆ ನೀವೂ ಒಪ್ಪಲೇಬೇಕು. ಜಾಸ್ತಿ ಬಿಗಿ ಮಾಡಿದರೆ ಜನ ನಕಲಿ ವಿಳಾಸಗಳಲ್ಲಿ ಡೇಟಾ ಬಚ್ಚಿಡುತ್ತಾರೆ, ಆಗ ಅದು ಪ್ರತಿ ನೋಡ್ ಇಟ್ಟುಕೊಳ್ಳಲೇಬೇಕಾದ, ಇನ್ನೂ ಖರ್ಚಾಗದ ನಾಣ್ಯಗಳ ಪಟ್ಟಿಯಲ್ಲಿ ಕೂತುಬಿಡುತ್ತದೆ, ಅಳಿಸಲೂ ಆಗಲ್ಲ. ಒಪಿ ರಿಟರ್ನ್‌ನಲ್ಲಿ (ವಹಿವಾಟಿನಲ್ಲಿ ಡೇಟಾ ಬರೆಯಲು ಇರುವ ಜಾಗ) ಹಾಕಿದ್ದು ಆ ಪಟ್ಟಿಗೆ ಸೇರುವುದಿಲ್ಲ. 2025ರಲ್ಲಿ ಬಿಟ್‌ಕಾಯಿನ್ ಕೋರ್ 30 (ಹೆಚ್ಚಿನ ನೋಡ್‌ಗಳು ಬಳಸುವ ತಂತ್ರಾಂಶದ ಆವೃತ್ತಿ) ಒಪಿ ರಿಟರ್ನ್‌ನ ಹಳೆಯ 80 ಬೈಟ್ ಮಿತಿಯನ್ನು ಸಡಿಲಿಸಿದಾಗ ಕೊಟ್ಟ ಒಂದು ಕಾರಣವೂ ಇದೇ. ಡಿಸ್ಕ್ ಜಾಗದ್ದೇ ಚಿಂತೆ ಆದರೆ ಪ್ರೂನಿಂಗ್ (ಪರಿಶೀಲಿಸಿದ ಹಳೆಯ ಬ್ಲಾಕ್‌ಗಳನ್ನು ಅಳಿಸುವ ಆಯ್ಕೆ) ಆನ್ ಮಾಡಿ.

ಪ್ರಶ್ನೆ ಕೇಳಿದವರು: ಪ್ರೂನಿಂಗ್ ಇದ್ದರೂ ಮೊದಲು ಎಲ್ಲವನ್ನೂ ಡೌನ್‌ಲೋಡ್ ಮಾಡಲೇಬೇಕಲ್ಲ. ಸದ್ಯಕ್ಕೆ ಇಂಥ ಡೇಟಾವನ್ನು ಫಿಲ್ಟರ್ ಮಾಡುವ ಬೇರೆ ನೋಡ್ ತಂತ್ರಾಂಶ ಬಿಟ್‌ಕಾಯಿನ್ ನಾಟ್ಸ್ ಹಾಕಿಕೊಳ್ಳುತ್ತೇನೆ, ಸುಮ್ನೆ ಮನಸ್ಸಿನ ಸಮಾಧಾನಕ್ಕೆ.