ಮೊದಲ ಭೇಟಿಗೆ ಒಂದು ಚಹಾ ಸಾಕು ತಂಗೀ

ತಂಗೀ, ಗುಂಪಲ್ಲಿ ನೀನು ಹಾಕಿದ ಮೆಸೇಜ್ ಬೆಳಿಗ್ಗೆಯೇ ನೋಡಿದೆ. ಕೆಲಸ ಮುಗಿಸಿ ಈಗ ಕೂತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಪೂರ್ತಿ ಕೇಳು.

ಆ್ಯಪ್‌ನಲ್ಲಿ ಪರಿಚಯವಾದ ಬಳ್ಳಾರಿ ಹುಡುಗನ ಜೊತೆ ಮೂರು ತಿಂಗಳಿಂದ ಚಾಟ್ ಮಾಡುತ್ತಿದ್ದೀಯ. ಈಗ ಅವನು ಭಾನುವಾರ ಬೈಕಲ್ಲಿ ಬರುತ್ತೇನೆ, ಇಡೀ ದಿನ ಹಂಪಿ ಸುತ್ತೋಣ ಅಂದಿದ್ದಾನೆ. ನಿನಗೆ ಆಸೆನೂ ಇದೆ, ಹೊಟ್ಟೆಯಲ್ಲಿ ತಳಮಳನೂ ಇದೆ. ಗುಂಪಲ್ಲಿ ಒಬ್ಬರು 'ಇದೆಲ್ಲಾ ಬೇಡ, ಬ್ಲಾಕ್ ಮಾಡು' ಅಂದರು. ನಾನು ಹಾಗೆ ಹೇಳುವುದಿಲ್ಲ. ಭೇಟಿಯಾಗು, ಇನ್ನು ತಡ ಮಾಡಬೇಡ. ಆದರೆ ಹಂಪಿ ಬೇಡ, ಇಡೀ ದಿನ ಬೇಡ, ಅವನ ಬೈಕೂ ಬೇಡ. ಕೊಪ್ಪಳದಲ್ಲೇ, ಸಂಜೆ ಹೊತ್ತು, ಒಂದು ಗಂಟೆ. ಒಂದು ಚಹಾ.

ನಿಮ್ಮ ಭಾವ ಸಿಗುವ ಮುಂಚೆ ನಾನು ಇನ್ನೊಬ್ಬರ ಜೊತೆ ನಾಲ್ಕು ತಿಂಗಳು ಚಾಟ್ ಮಾಡಿದ್ದೆ. ರಾತ್ರಿ ಹನ್ನೊಂದಾದರೂ ಫೋನ್ ಕೆಳಗಿಡುತ್ತಿರಲಿಲ್ಲ. ಮೊದಲ ಸಲವೇ ಅಂಜನಾದ್ರಿ, ಆನೆಗೊಂದಿ, ಸಾಣಾಪುರ ಕೆರೆ ಅಂತ ಬೆಳಗಿನಿಂದ ಸಂಜೆವರೆಗೆ ಪ್ಲಾನ್ ಹಾಕಿದೆವು. ಅಂಜನಾದ್ರಿಗೆ 575 ಮೆಟ್ಟಿಲು. ನೂರು ಹತ್ತುವಷ್ಟರಲ್ಲಿ ಇಬ್ಬರ ಮಾತೂ ಮುಗಿದಿತ್ತು. ಪಾಪ, ಕೆಟ್ಟವರೇನಲ್ಲ. ಆದರೆ ನಾಲ್ಕು ತಿಂಗಳಿಂದ ನನ್ನ ತಲೆಯಲ್ಲಿದ್ದ ಮನುಷ್ಯ ಬೇರೆ, ಎದುರಿಗಿದ್ದವರು ಬೇರೆ. ಅವರಿಗೂ ಹಾಗೇ ಅನಿಸಿರಬೇಕು. ಹೋಗಿದ್ದು ಅವರ ಬೈಕಲ್ಲಿ, ನಡುವೆ ಬಿಟ್ಟು ಬರುವ ಹಾಗಿಲ್ಲ. ಉಳಿದ ಮೆಟ್ಟಿಲು ಹತ್ತಿ, ಮತ್ತೆ ಅಷ್ಟೂ ಇಳಿದು, ಊಟ, ಕೆರೆ ಎಲ್ಲಾ ಮುಗಿಸಿ ಗಂಗಾವತಿಯಲ್ಲಿ ಬಸ್ ಹತ್ತಿದಾಗ ಕತ್ತಲಾಗುತ್ತಾ ಬಂದಿತ್ತು. ಕಿಟಕಿ ಕಡೆ ಮುಖ ಮಾಡಿ ಅತ್ತೆ. ಎದ್ದು ಬರಬೇಕು ಅನಿಸಿದಾಗ ಬರಲಾಗಲಿಲ್ಲವಲ್ಲ, ಅದಕ್ಕೆ.

ಚಾಟ್‌ನಲ್ಲಿ ಹೀಗೇ ಆಗುತ್ತದೆ ನೋಡು. ಅವರು ಬರೆದದ್ದಕ್ಕೆ ದನಿ ನಾವೇ ಕೊಡುತ್ತೇವೆ. ಉತ್ತರ ತಡವಾದರೆ ಅದಕ್ಕೂ ಒಂದು ಒಳ್ಳೆಯ ಅರ್ಥ ಹಚ್ಚಿಕೊಳ್ಳುತ್ತೇವೆ. ತಿಂಗಳು ಜಾಸ್ತಿ ಆದಷ್ಟೂ ಆಸೆ ಬೆಳೆಯುತ್ತದೆ, ಆ ಮನುಷ್ಯ ಮಾತ್ರ ಇನ್ನೂ ಅಪರಿಚಿತನೇ.

ಭಾವನನ್ನು ಮೊದಲು ನೋಡಿದ್ದು ಬಳ್ಳಾರಿ ಸ್ಟೇಷನ್ ಹತ್ತಿರದ ಒಂದು ಸಣ್ಣ ಹೋಟೆಲಲ್ಲಿ. ಒಗ್ಗರಣೆ, ಮಿರ್ಚಿ, ಚಹಾ. ಚಾಟ್‌ನಲ್ಲಿ ಪುಟಗಟ್ಟಲೆ ಬರೆಯುತ್ತಿದ್ದವರು ಎದುರಿಗೆ ಬಾಯೇ ಬಿಡಲಿಲ್ಲ. ಮಿರ್ಚಿ ಇಟ್ಟು ಕೊಟ್ಟಿದ್ದ ಎಣ್ಣೆ ಪೇಪರನ್ನು ಮಡಚುತ್ತಾ ಕೂತರು. ಅರ್ಧ ಮಡಚಿದರು, ಅದರ ಅರ್ಧ, ಮತ್ತೆ ಅದರ ಅರ್ಧ. ಕೊನೆಗೆ ಬೆಂಕಿಪೆಟ್ಟಿಗೆಯಷ್ಟಾಯಿತು. ಬೆರಳು ನಡುಗುತ್ತಿತ್ತು. ಅದನ್ನು ನೋಡಿ ನನ್ನ ಹೆದರಿಕೆ ಇಳಿಯಿತು. 'ನನಗೂ ಭಯ ಆಗ್ತಿದೆ' ಅಂದುಬಿಟ್ಟೆ. ಆಮೇಲೆ ಮಾತು ಬಂತು. ಮಿರ್ಚಿ ಖಾರ, ಅವರ ಅಜ್ಜಿ, ನನ್ನ ಹಾಸ್ಟೆಲ್ ಊಟ, ಇಂಥವೇ. ಅಷ್ಟರಲ್ಲಿ ನನ್ನ ಕೊಪ್ಪಳದ ರೈಲಿಗೆ ಹೊತ್ತಾಯಿತು. ಅಜ್ಜಿ ಕಥೆ ಅರ್ಧಕ್ಕೇ ನಿಂತಿತು. ಮುಂದಿನ ವಾರ ಅದನ್ನು ಮುಗಿಸಲಿಕ್ಕೇ ಮತ್ತೆ ಸಿಕ್ಕೆವು.

ಅದಕ್ಕೇ ಒಂದು ಗಂಟೆ ಅನ್ನುತ್ತಿದ್ದೇನೆ. 'ಹಂಪಿ ಆಮೇಲೆ ನೋಡೋಣ, ಮೊದಲು ಕೊಪ್ಪಳಕ್ಕೆ ಬಾ, ಚಹಾ ಕುಡಿಯೋಣ' ಅಂತ ಇವತ್ತೇ ಕಳಿಸು. ಖುಷಿಯಿಂದ ಒಪ್ಪಿದರೆ ಒಳ್ಳೆಯದು. 'ನನ್ನ ಮೇಲೆ ನಂಬಿಕೆ ಇಲ್ವಾ' ಅಂತ ಮುನಿಸಿಕೊಂಡು ಒತ್ತಾಯ ಮಾಡಿದರೆ ಭೇಟಿಯೇ ಬೇಡ. ಅದಕ್ಕೂ ಮುಂಚೆ ಒಂದು ಹತ್ತು ನಿಮಿಷ ವಿಡಿಯೋ ಕಾಲ್ ಮಾಡು. ಫೋಟೋದಲ್ಲಿರುವವನೇ ಅಂತ ಗೊತ್ತಾಗಬೇಕಲ್ವಾ. ಪ್ರತಿ ಸಲ ಕ್ಯಾಮೆರಾ ಕೆಟ್ಟಿದೆ ಅಂದರೆ ಅಲ್ಲಿಗೇ ಬಿಡು. ಯಾವ ಕಷ್ಟ ಹೇಳಿಕೊಂಡರೂ ದುಡ್ಡು ಕಳಿಸಬೇಡ. ಈಗಾಗಲೇ ಕಳಿಸಿ ಮೋಸ ಹೋಗಿದ್ದರೆ ಮುಚ್ಚಿಡಬೇಡ, ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು.

ಇನ್ನು ಯಾರಾದರೂ ನೋಡಿದರೆ ಅನ್ನುವ ಹೆದರಿಕೆ. ನನಗೆ ಗೊತ್ತು, ನಮ್ಮೂರಲ್ಲಿ ನಾಲ್ಕು ಅಂಗಡಿ ದಾಟಿದರೆ ಒಬ್ಬ ಮಾವ ಸಿಗುತ್ತಾರೆ. ಆ ಹೆದರಿಕೆಗೇ ಎಷ್ಟೋ ಹುಡುಗಿಯರು ಯಾರೂ ಇಲ್ಲದ ಕಡೆ ಹೋಗುತ್ತಾರೆ. ನನಗೆ ಭಯ ಆಗುವುದು ಅದಕ್ಕೇ. ಜನ ಇರುವ ಕಡೆಯೇ ಕೂರು. ಗವಿಮಠದ ಕಡೆ ಆಗಲಿ, ಮನೆಮಂದಿ ಬರುವ ಯಾವುದಾದರೂ ಹೋಟೆಲ್ ಆಗಲಿ. ಅವ್ವನಿಗೆ ನೀನೇ ಮೊದಲು ಹೇಳಿಬಿಡು. ಸ್ವಲ್ಪ ಬೈಯುತ್ತಾಳೆ, ಬೈಯಲಿ. ನಾಳೆ ಮಾವ ಬಂದು 'ನಿಮ್ಮ ಹುಡುಗಿಯನ್ನ ನೋಡಿದೆ' ಅಂದರೆ 'ಹೌದು, ನನಗೆ ಗೊತ್ತು' ಅನ್ನುವ ಅವ್ವ ಇದ್ದರೆ ಸಾಕು, ಮತ್ತೆ ಯಾರಿಗೂ ಹೆದರಬೇಕಿಲ್ಲ. ಅವಳ ಹತ್ತಿರ ಬಾಯಿ ಬರದಿದ್ದರೆ ನಾನು ಮಾತಾಡುತ್ತೇನೆ.

ಈ ಬಿಸಿಲಲ್ಲಿ ಮಧ್ಯಾಹ್ನ ಹೋಗಬೇಡ, ಐದೂವರೆ ಸರಿ. ನಿನ್ನ ಸ್ಕೂಟಿಯಲ್ಲೇ ಹೋಗು, ನಿನ್ನ ಸ್ಕೂಟಿಯಲ್ಲೇ ವಾಪಸ್ ಬಾ. ಹೊಸ ಬಟ್ಟೆ ಏನೂ ಬೇಡ, ಆಫೀಸಿಗೆ ಹಾಕುತ್ತೀಯಲ್ಲ, ಆ ಹಳದಿ ಚೂಡಿದಾರ ಹಾಕಿಕೋ. ಏನು ಮಾತಾಡಲಿ ಅಂತ ಪಟ್ಟಿ ಮಾಡಿಕೊಂಡು ಹೋಗಬೇಡ. ಸುಮ್ನೆ ಕೂತಿರುವುದೂ ಪರವಾಗಿಲ್ಲ, ಜೊತೆಗೆ ಸುಮ್ನೆ ಕೂತಾಗ ಹೇಗನಿಸುತ್ತದೆ ಅಂತಲೂ ಗೊತ್ತಾಗಲಿ. ಇಷ್ಟವಾಗದಿದ್ದರೆ ಮನೆಗೆ ಬಂದು 'ಬಂದಿದ್ದಕ್ಕೆ ಥ್ಯಾಂಕ್ಸ್, ನನಗೆ ಮುಂದುವರಿಸಲು ಮನಸ್ಸಿಲ್ಲ' ಅಂತ ಒಂದು ಸಾಲು ಕಳಿಸು. ಅವನನ್ನು ಕಾಯಿಸಬೇಡ, ಅವನೂ ಅಷ್ಟು ದೂರದಿಂದ ಬಂದಿರುತ್ತಾನೆ.

ಹೊರಡುವಾಗ ವಾಟ್ಸಾಪ್‌ನಲ್ಲಿ ನನಗೆ ಲೈವ್ ಲೊಕೇಶನ್ ಹಾಕು. ಒಂದು ಗಂಟೆಯದು ಸಾಲದು, 8 ಗಂಟೆಯದು ಒತ್ತು. ಆರೂಕಾಲಿಗೆ ನಾನು ಫೋನ್ ಮಾಡುತ್ತೇನೆ. 'ಅಕ್ಕಾ, ಊಟ ಆಯ್ತಾ' ಅಂದರೆ ಎಲ್ಲಾ ಸರಿ ಇದೆ ಅಂತ ಇಟ್ಟುಬಿಡುತ್ತೇನೆ. 'ಹಾಂ, ಬಂದೆ' ಅಂದರೆ ಎದ್ದು ಬಾ, ಮನೆ ಮುಟ್ಟುವ ತನಕ ನಾನು ಲೈನಲ್ಲೇ ಇರುತ್ತೇನೆ.