ಕನ್ಸೋಲ್‌ನಲ್ಲಿ ಔಟ್‌ಪುಟ್ ಮೇಲೆ ಓಡಿಹೋಗುತ್ತದೆ, ಹಿಂದಿನ ಸಾಲುಗಳನ್ನು ನೋಡುವುದು ಹೇಗೆ?

ಪ್ರಶ್ನೆ:
ಡೆಸ್ಕ್‌ಟಾಪ್ ಹಾಕದ ಲಿನಕ್ಸ್ ಮೆಷಿನ್‌ನಲ್ಲಿ ಒಂದು ಪ್ರೋಗ್ರಾಂ ಕಂಪೈಲ್ ಮಾಡುತ್ತಿದ್ದೇನೆ. ಕಂಪೈಲ್ ಮಾಡಿಸುವ ಮೇಕ್ ಕಮಾಂಡ್ ಕೊಟ್ಟ ಕೂಡಲೇ ಸಾಲುಗಳು ಸರಸರ ಮೇಲೆ ಹೋಗಿಬಿಡುತ್ತವೆ. ಕೊನೆಗೆ ಉಳಿಯುವುದು 'ಎರರ್ 1' ಅನ್ನುವ ಸಾಲು ಮಾತ್ರ. ನಿಜವಾದ ಕಾರಣ ಅದಕ್ಕಿಂತ ಮೇಲೆ ಎಲ್ಲೋ ಇದೆ. ಹಳೆಯ ಮೆಷಿನ್‌ನಲ್ಲಿ ಶಿಫ್ಟ್ ಹಿಡಿದು ಪೇಜ್‌ಅಪ್ ಒತ್ತಿದರೆ ಹಿಂದಿನದು ಕಾಣುತ್ತಿತ್ತು. ಇಲ್ಲಿ ಏನೂ ಆಗುತ್ತಿಲ್ಲ. ಕೀಬೋರ್ಡ್ ತೊಂದರೆಯಾ?

ಉತ್ತರ:
ಕೀಬೋರ್ಡ್ ಸರಿಯಾಗೇ ಇದೆ. ಕನ್ಸೋಲ್‌ನ ಆ ಸೌಲಭ್ಯವನ್ನೇ 2020ರಲ್ಲಿ, ಲಿನಕ್ಸ್‌ನ ತಿರುಳಾದ ಕರ್ನಲ್‌ನ 5.9 ಆವೃತ್ತಿಯಲ್ಲಿ ತೆಗೆದುಹಾಕಿದರು. ಆ ಕೋಡ್ ನೋಡಿಕೊಳ್ಳುವವರು ಇರಲಿಲ್ಲ. ಡೆಸ್ಕ್‌ಟಾಪ್‌ನ ಟರ್ಮಿನಲ್ ವಿಂಡೋಗಳು ಹಳೆಯ ಸಾಲುಗಳನ್ನು ತಾವೇ ಇಟ್ಟುಕೊಳ್ಳುತ್ತವೆ, ಅಲ್ಲಿ ಈ ಸಮಸ್ಯೆ ಇಲ್ಲ. ನೀವು ಔಟ್‌ಪುಟ್ ಅನ್ನು ಲೆಸ್‌ಗೆ ಕಳಿಸಿ, ಅದು ಪುಟಪುಟವಾಗಿ ತೋರಿಸುವ ಪ್ರೋಗ್ರಾಂ:

ಮೇಕ್ | ಲೆಸ್

ಸ್ಪೇಸ್ ಒತ್ತಿದರೆ ಮುಂದಿನ ಪುಟ, ಬಿ ಒತ್ತಿದರೆ ಹಿಂದಿನದು, ಕ್ಯೂ ಒತ್ತಿದರೆ ಹೊರಗೆ.

ಪ್ರಶ್ನೆ ಕೇಳಿದವರು:
ಮಾಡಿ ನೋಡಿದೆ. ಮಾಮೂಲಿ ಸಾಲುಗಳು ಲೆಸ್ ಒಳಗೆ ಸಿಗುತ್ತವೆ. ಆದರೆ ಎರರ್‌ಗಳು ಮಾತ್ರ ಸ್ಕ್ರೀನ್ ಮೇಲೆ ಅಡ್ಡಾದಿಡ್ಡಿ ಬಂದು ಬೀಳುತ್ತವೆ. ಪುಟ ಸರಿಸಿದರೆ ಮಾಯ. ನನಗೆ ಬೇಕಾಗಿರುವುದೇ ಅವು!

ಮತ್ತೊಂದು ಉತ್ತರ:
ಪ್ರೋಗ್ರಾಂನಿಂದ ಹೊರಗೆ ಬರಲು ದಾರಿ ಎರಡು. ಮಾಮೂಲಿ ಔಟ್‌ಪುಟ್ ಬರುವುದು 1ರಲ್ಲಿ, ಎರರ್ ಬರುವುದು 2ರಲ್ಲಿ. ಪೈಪ್ (ಅಂದರೆ | ಗುರುತು) ಹಿಡಿಯುವುದು 1 ಅನ್ನು ಮಾತ್ರ. 2 ನೇರ ಸ್ಕ್ರೀನ್‌ಗೇ ಹೋಗುತ್ತದೆ. ಅದಕ್ಕೇ ನಿಮಗೆ ಹೀಗಾಗುತ್ತಿದೆ. 2 ಅನ್ನು 1ಕ್ಕೆ ಸೇರಿಸಿ:

ಮೇಕ್ 2>&1 | ಟೀ ಬಿಲ್ಡ್.ಲಾಗ್

ಮುಗಿದ ಮೇಲೆ ಆ ಫೈಲನ್ನು ಲೆಸ್‌ನಲ್ಲಿ ತೆರೆಯಿರಿ. ಕಂಪೈಲ್‌ಗೆ ಜಾಸ್ತಿ ಹೊತ್ತು ಹಿಡಿಯುತ್ತದೆ ಅಲ್ವಾ, ಟೀ ಹಾಕಿದರೆ ಸ್ಕ್ರೀನ್ ಮೇಲೂ ಕಾಣುತ್ತದೆ, ಫೈಲಿನಲ್ಲೂ ಉಳಿಯುತ್ತದೆ. ಸುಮ್ನೆ ಓದುವುದಕ್ಕೋಸ್ಕರ ಮತ್ತೆ ಓಡಿಸಬೇಕಿಲ್ಲ.

ಟೀ ಬೇಡ, ಫೈಲಿಗೆ ಹೋದರೆ ಸಾಕು ಅಂದರೆ ಬರೆಯುವ ಕ್ರಮ ನೋಡಿಕೊಳ್ಳಿ:

ಮೇಕ್ > ಬಿಲ್ಡ್.ಲಾಗ್ 2>&1

ಇಲ್ಲಿ 2>&1 ಕೊನೆಗೇ ಬರಬೇಕು. ಮೊದಲೇ ಬರೆದರೆ ಆ ಹೊತ್ತಿಗೆ 1 ಇನ್ನೂ ಸ್ಕ್ರೀನ್ ಕಡೆಗೇ ಇರುತ್ತದೆ. ಎರರ್‌ಗಳೂ ಅಲ್ಲಿಗೇ ಹೋಗುತ್ತವೆ, ಫೈಲಿಗೆ ಬರುವುದಿಲ್ಲ. ಇದು ತುಂಬಾ ಜನರನ್ನು ಕಾಡುತ್ತದೆ.

ಲೆಸ್ ಒಳಗೆ / ಒತ್ತಿ, ಎರರ್ ಅನ್ನುವ ಪದ ಟೈಪ್ ಮಾಡಿ, ಎಂಟರ್ ಕೊಡಿ. ಎನ್ ಒತ್ತಿದರೆ ಮುಂದಿನದಕ್ಕೆ ಹೋಗುತ್ತದೆ. ಆದರೆ ಮೊದಲು ಸಿಕ್ಕಿದ್ದನ್ನೇ ಗಮನವಿಟ್ಟು ಓದಿ. ಒಂದು ಡಿಕ್ಲರೇಷನ್ ತಪ್ಪಿದ್ದರೂ ಅದರ ಕೆಳಗೆ ಹತ್ತಾರು ಎರರ್ ಹುಟ್ಟಿಕೊಳ್ಳುತ್ತವೆ.

ಮೇಕ್‌ಗೆ -ಜೆ (ಹಲವು ಕೆಲಸ ಒಟ್ಟಿಗೇ ಮಾಡಿಸುವ ಆಯ್ಕೆ) ಕೊಟ್ಟಿದ್ದೀರಾ? ಕೊಟ್ಟಿದ್ದರೆ ತೆಗೆಯಿರಿ. ಹಲವು ಫೈಲುಗಳು ಒಟ್ಟಿಗೇ ಕಂಪೈಲ್ ಆಗುವಾಗ ಒಂದರ ಎರರ್ ಇನ್ನೊಂದರ ಸಾಲುಗಳ ನಡುವೆ ಹೂತುಹೋಗುತ್ತದೆ.

ಪ್ರಶ್ನೆ ಕೇಳಿದವರು:
ಹೌದು, -ಜೆ ಇತ್ತು. ತೆಗೆದು ಓಡಿಸಿದೆ. ಆಗಲೇ ಆಗಿದ್ದ ಫೈಲುಗಳನ್ನು ಬಿಟ್ಟು ನೇರ ತೊಂದರೆ ಇರುವ ಫೈಲಿಗೇ ಬಂದು ನಿಂತಿತು. ಲಾಗ್‌ನಲ್ಲಿ ಸಾಲು ಸ್ಪಷ್ಟವಾಗಿದೆ, ಒಂದು ಹೆಡರ್ ಫೈಲ್ ಸಿಗುತ್ತಿರಲಿಲ್ಲ. ಆ ಲೈಬ್ರರಿಯ ಡೆವಲಪ್‌ಮೆಂಟ್ ಪ್ಯಾಕೇಜ್ ಹಾಕಿದ ಮೇಲೆ ಕಂಪೈಲ್ ಆಯಿತು. ಇಬ್ಬರಿಗೂ ಧನ್ಯವಾದ.