ಹಿಸ್ ಎಮ್ಮೆ, ಹಿಸ್ ರಾಗಿ

ತುಮಕೂರಿನ ಬಿ.ಎಚ್. ರಸ್ತೆಯ ಹಳೆಯ ಹೋಟೆಲೊಂದರ ಮೂಲೆಯ ಮೇಜು ಭಾನುವಾರ ಬೆಳಿಗ್ಗೆ ಎಂಟರಿಂದ ಹತ್ತರವರೆಗೆ ನಮ್ಮದು. ಅದನ್ನು ನಮಗೆ ಯಾರೂ ಬರೆದುಕೊಟ್ಟಿಲ್ಲ. ನಾಲ್ಕು ತಟ್ಟೆ ಇಡ್ಲಿಗೆ ಎರಡು ಗಂಟೆ ಕೂರುವವರನ್ನು ಎಬ್ಬಿಸುವುದಕ್ಕಿಂತ ಹಾಗೆಯೇ ಬಿಟ್ಟುಬಿಡುವುದು ಸುಲಭವೆಂದು ಮಾಲೀಕರು ಬಹಳ ಹಿಂದೆಯೇ ಕಂಡುಕೊಂಡಿದ್ದಾರೆ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಟ್ಟು ನಿವೃತ್ತರಾದ ಮೇಷ್ಟ್ರು, ಗಡಿ ಮತ್ತು ಬದುವಿನ ದಾವೆಗಳಲ್ಲೇ ತಲೆ ನರೆಸಿಕೊಂಡ ವಕೀಲರು, ತಿಪಟೂರಿನ ಕಡೆಯಿಂದ ಉಂಡೆ ಕೊಬ್ಬರಿ ತರಿಸಿ ಮಾರುವ ಸಾಹುಕಾರರು ಮತ್ತು ಇವರ ಮಾತು ಕೇಳುತ್ತ ಬೆಣ್ಣೆ ಕರಗುವ ಮುನ್ನ ಇಡ್ಲಿ ಮುಗಿಸುವ ನಾನು, ಇಷ್ಟೇ ನಮ್ಮ ಸಭೆ.

ದೀಪಾವಳಿ ಕಳೆದ ಮೊದಲ ಭಾನುವಾರ ಸಾಹುಕಾರರು ಅಂಗಿಯ ಜೇಬಿನಿಂದ ನಾಲ್ಕು ಮಡಿಕೆಯ ಕಾಗದವೊಂದನ್ನು ತೆಗೆದು, ಚಟ್ನಿ ತಾಗದಂತೆ ಮೇಜಿನ ಮೇಲೆ ಹರಡಿದರು. ಅವರ ಹೊಲಕ್ಕೆ ಹೊಂದಿಕೊಂಡ ಹೊಲದವರ ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಬದುವಿನ ಹತ್ತಿರ ಎಮ್ಮೆಯೊಂದು ತೆನೆಗಟ್ಟಿದ ರಾಗಿಗೆ ಬಾಯಿ ಹಾಕಿತೆಂಬ ಸುದ್ದಿ ಅವನಿಗೆ ಮುಟ್ಟಿದೆ. ತಂದೆ ಫೋನಿನಲ್ಲಿ ಎರಡು ಮಾತಿಗಿಂತ ಹೆಚ್ಚು ಆಡುವವರಲ್ಲವಾದ್ದರಿಂದ, ನಡೆದದ್ದೇನು, ನಷ್ಟ ತುಂಬಿಕೊಡಬೇಕಾದವರು ಯಾರು ಎಂಬುದನ್ನು ಬರೆದು ತಿಳಿಸಬೇಕೆಂದು ಆತ ಇಂಗ್ಲಿಷಿನಲ್ಲಿ ಕೇಳಿದ್ದಾನೆ. ಇಂಗ್ಲಿಷಿಗೆ ಇಂಗ್ಲಿಷಿನಲ್ಲೇ ಉತ್ತರ ಹೋಗಬೇಕೆಂಬ ಹಟದಿಂದ ಸಾಹುಕಾರರು ಎಂಜಿನಿಯರಿಂಗ್ ಓದುವ ಮೊಮ್ಮಗನ ಕೈಯಲ್ಲಿ ಒಂದು ಪತ್ರ ಬರೆಸಿದ್ದರು. ಸ್ವತಃ ಅವರ ಬಾಯಿಂದ ಒಂದು ಇಂಗ್ಲಿಷ್ ಪದವನ್ನು ನಾವು ಯಾರೂ ಅಂದಿನವರೆಗೆ ಕೇಳಿರಲಿಲ್ಲ.

“ಟು ಹೂಮ್‌ಸೋಎವರ್ ಇಟ್ ಮೇ ಕನ್ಸರ್ನ್” ಎಂದು ಮೇಷ್ಟ್ರು ಓದಲಾರಂಭಿಸಿ, ಅಲ್ಲಿಯೇ ನಿಂತರು. “ಸಾಹುಕಾರರೇ, ಪತ್ರ ಯಾರಿಗೆಂದು ನಿಮಗೆ ಗೊತ್ತು, ಅವನ ಹೆಸರೂ ಗೊತ್ತು, ಅವನು ಚಿಕ್ಕವನಿದ್ದಾಗ ನಿಮ್ಮ ಮರದ ಸೀಬೆಕಾಯಿ ಕದ್ದದ್ದೂ ಗೊತ್ತು. ಹೀಗಿರುವಾಗ ಸಂಬಂಧಪಟ್ಟವರು ಯಾರಾದರೂ ಆಗಲಿ ಎಂದು ಬರೆಸಿರುವುದು ಯಾವ ನ್ಯಾಯ?”

ವಕೀಲರು, ಹೂಮ್ ಎಂದು ಬರೆದರೆ ಪತ್ರಕ್ಕೆ ಕಚೇರಿಯ ಗಾಂಭೀರ್ಯ ಬರುತ್ತದೆಂದು ವಾದಿಸಿದರು. ಅದಕ್ಕೆ ಮೇಷ್ಟ್ರು, ಹೂ ಮತ್ತು ಹೂಮ್ ಎಂಬವು ಗಾಂಭೀರ್ಯದ ಪ್ರಶ್ನೆಯಲ್ಲ, ಬರಿಯ ವಿಭಕ್ತಿಯ ಪ್ರಶ್ನೆ ಎಂದರು. ಕನ್ನಡದಲ್ಲಿ ‘ಯಾರು’ ಬರುವ ಕಡೆ ಹೂ, ‘ಯಾರನ್ನು’ ಅಥವಾ ‘ಯಾರಿಗೆ’ ಬರುವ ಕಡೆ ಹೂಮ್. ಅವನು ಎಂದರೆ ಹೀ, ಅವನನ್ನು ಎಂದರೆ ಹಿಮ್. ಏಳು ವಿಭಕ್ತಿಗಳನ್ನು ಬಾಯಿಪಾಠ ಮಾಡಿದ ನಮ್ಮ ಮಕ್ಕಳು ಎರಡು ರೂಪಗಳ ಮುಂದೆ ಬೆವರುವುದು ತಮಗೆ ಇಂದಿಗೂ ಅರ್ಥವಾಗಿಲ್ಲವೆಂದು ಹೇಳಿ, ಇಡ್ಲಿಯ ಅಂಚನ್ನು ಮುರಿದರು.

“ಹಾಗಾದರೆ ‘ಯಾರಿಗೆ ಹಸಿವಾಗಿದೆ’ ಎಂಬುದನ್ನು ಹೂಮ್ ಈಸ್ ಹಂಗ್ರಿ ಎನ್ನಬೇಕೆ?” ಎಂದು ನಾನು ಕೇಳಿದೆ. ಮೇಷ್ಟ್ರು ಮುರಿದ ಚೂರನ್ನು ತಟ್ಟೆಗೆ ಮರಳಿಸಿದರು. ನಮ್ಮಲ್ಲಿ ಹಸಿವು, ಜ್ವರ, ಕೋಪ, ನೆನಪು ಇವೆಲ್ಲ ಎಲ್ಲಿಂದಲೋ ನಮ್ಮ ಬಳಿಗೆ ಬರುತ್ತವೆ. ಆದ್ದರಿಂದ ನಾವು ‘ನನಗೆ’ ಎಂದು ಪಕ್ಕಕ್ಕೆ ಸರಿದು ನಿಲ್ಲುತ್ತೇವೆ. ಇಂಗ್ಲಿಷಿನವನು ಹಸಿವಿಗೂ ತಾನೇ ಯಜಮಾನನಾಗಿ, ಐ ಎಂದು ದೊಡ್ಡ ಅಕ್ಷರದಲ್ಲಿ ಎದೆಯುಬ್ಬಿಸಿ ನಿಲ್ಲುತ್ತಾನೆ. ತಮ್ಮ ಸೂತ್ರ ಈ ಒಂದು ಕಡೆ ಮಾತ್ರ ಕೈಕೊಡುತ್ತದೆಂದು ಅವರು ಒಪ್ಪಿಕೊಂಡರು. ಪುರುಷಗಳ ಲೆಕ್ಕದಲ್ಲಿಯೂ ಇದೇ ವ್ಯತ್ಯಾಸವಿದೆ ಎಂದು ನನಗೆ ಆಗ ಹೊಳೆಯಿತು. ಇಂಗ್ಲಿಷರು ಫಸ್ಟ್ ಪರ್ಸನ್ ಎನ್ನುವುದು ತಮ್ಮನ್ನು. ನಮ್ಮ ವ್ಯಾಕರಣದಲ್ಲಿ ಪ್ರಥಮ ಪುರುಷನೆಂದರೆ ಎದುರಿನಲ್ಲೇ ಇಲ್ಲದ ‘ಅವನು’. ಮೊದಲ ಸ್ಥಾನವನ್ನು ಪರರಿಗೆ ಬಿಟ್ಟುಕೊಟ್ಟ ನಾವು ಉತ್ತಮ ಪುರುಷ ಎಂಬ ಬಿರುದನ್ನು ಮಾತ್ರ ‘ನಾನು’ ಎಂಬುವನಿಗೇ ಉಳಿಸಿಕೊಂಡಿದ್ದೇವೆ.

ಪತ್ರದ ಎರಡನೆಯ ಸಾಲು ‘ಮೈಸೆಲ್ಫ್’ ಎಂದು ಆರಂಭವಾಗಿತ್ತು. ಈ ಜಿಲ್ಲೆಯಲ್ಲಿ ಎದ್ದು ನಿಂತು ಇಂಗ್ಲಿಷಿನಲ್ಲಿ ಪರಿಚಯ ಹೇಳಿಕೊಳ್ಳುವವರೆಲ್ಲರ ಮೊದಲ ಮಾತು ಅದೇ ಆಗಿರುವುದರಿಂದ ಮೇಷ್ಟ್ರು ನಿಟ್ಟುಸಿರಿಟ್ಟು ಮುಂದೆ ಹೋದರು. ಮೂರನೆಯ ಸಾಲಿನಲ್ಲಿ ಅವರಿಗೆ ನಗು ತಡೆಯಲಾಗಲಿಲ್ಲ. ‘ಮೈ ಗ್ರ್ಯಾಂಡ್‌ಫಾದರ್ ಈಸ್ ಅನ್ ಎಲ್ಡರ್. ದೇ ಆರ್ ಹ್ಯಾವಿಂಗ್ ಬಿ.ಪಿ.’ ಎಂದು ಹುಡುಗ ಬರೆದಿದ್ದ.

“ನಗುವಂಥದ್ದು ಏನಿದೆ? ನನಗೆ ಬಿ.ಪಿ. ಇರುವುದು ನಿಜ” ಎಂದು ಸಾಹುಕಾರರು ಗಂಭೀರವಾಗಿ ಹೇಳಿದರು.

ತಾತನನ್ನು ‘ಅವನು’ ಎನ್ನಲಾರದ ಮೊಮ್ಮಗನ ಸಂಕೋಚವೇ ಅಲ್ಲಿ ದೇ ಆಗಿ ಕುಳಿತಿದೆಯೆಂದೂ, ಬೆಂಗಳೂರಿನಲ್ಲಿ ಅದನ್ನು ಓದುವವನು ಸಾಹುಕಾರರ ಮನೆಯಲ್ಲಿ ಎಷ್ಟು ಮಂದಿ ತಾತಂದಿರಿದ್ದಾರೆಂದು ಎಣಿಸಲು ಕೂರುವನೆಂದೂ ಮೇಷ್ಟ್ರು ವಿವರಿಸಿದರು. ಇಂಗ್ಲಿಷಿನಲ್ಲಿ ಗೌರವಕ್ಕೆ ಬಹುವಚನವೇ ಇಲ್ಲವೇ ಎಂದು ಸಾಹುಕಾರರು ಕೇಳಿದಾಗ ಅವರ ಧ್ವನಿಯಲ್ಲಿ ಆ ದೇಶದವರ ಬಗ್ಗೆ ಕನಿಕರವಿತ್ತು. ಒಂದು ಕಾಲದಲ್ಲಿ ಇತ್ತೆಂದು ಮೇಷ್ಟ್ರು ಹೇಳಿದರು. ನೀನು ಎನ್ನುವುದಕ್ಕೆ ದೌ, ನೀವು ಎನ್ನುವುದಕ್ಕೆ ಯೂ. ಬರಬರುತ್ತ ಎದುರು ಸಿಕ್ಕವರಿಗೆಲ್ಲ ಯೂ ಎಂದು ಗೌರವ ಹಂಚಿದ್ದರಿಂದ ದೌ ಎಂಬುದು ಬಳಕೆಯಿಂದಲೇ ಬಿದ್ದುಹೋಯಿತು. ದೇವರ ಮುಂದೆ ಎಲ್ಲರೂ ಸಮಾನರೆಂದು ನಂಬಿದ್ದ ಕ್ವೇಕರ್ ಪಂಥದವರು ಮಾತ್ರ 17ನೇ ಶತಮಾನದಲ್ಲಿ ದೊಡ್ಡವರನ್ನೂ ಏಕವಚನದಲ್ಲಿಯೇ ಮಾತನಾಡಿಸಿ ಸಾಕಷ್ಟು ಕೋಪಕ್ಕೆ ಗುರಿಯಾದರು.

“ಆ ಪಂಥದವರು ನಮ್ಮ ಮಂಡಿಪೇಟೆಗೆ ಬರಬೇಕಿತ್ತು” ಎಂದು ಸಾಹುಕಾರರು ಹೇಳಿದರು.

ದೇ ಎಂಬುದನ್ನು ಒಬ್ಬರಿಗೆ ಬಳಸಲೇಬಾರದೆಂದು ಮಾತ್ರ ತಾವು ಹೇಳುತ್ತಿಲ್ಲವೆಂದು ಮೇಷ್ಟ್ರು ಎಚ್ಚರಿಕೆಯ ಮಾತು ಸೇರಿಸಿದರು. ಯಾರೋ ಕೊಡೆ ಮರೆತು ಹೋಗಿದ್ದಾರೆ ಎನ್ನುವಾಗ, ಹೋದವರು ಗಂಡಸೋ ಹೆಂಗಸೋ ತಿಳಿಯದ ಕಡೆ, ಇಂಗ್ಲಿಷಿನವರು 14ನೇ ಶತಮಾನದಿಂದಲೂ ಒಬ್ಬರಿಗೇ ದೇ ಎನ್ನುತ್ತ ಬಂದಿದ್ದಾರೆ. 2019ರಲ್ಲಿ ಮೆರಿಯಮ್-ವೆಬ್‌ಸ್ಟರ್ ನಿಘಂಟಿನವರು ಅದನ್ನೇ ವರ್ಷದ ಪದವಾಗಿ ಆರಿಸಿದರು. ಸಾಹುಕಾರರ ಮೀಸೆ ಕಣ್ಣಿಗೆ ಹೊಡೆಯುವಂತಿರುವಾಗ ಆ ಅನುಕೂಲ ಇಲ್ಲಿ ಸಲ್ಲದು, ಅಷ್ಟೇ. ವಕೀಲರಿಗೆ ಇದು ಹಿಡಿಸಲಿಲ್ಲ. ಕಾನೂನಿನವರು ಈ ತೊಡಕನ್ನು ಒಂದೇ ಏಟಿಗೆ ಬಗೆಹರಿಸಿದ್ದಾರೆಂದೂ, 1897ರ ಜನರಲ್ ಕ್ಲಾಸಸ್ ಆ್ಯಕ್ಟಿನ 13ನೇ ಕಲಮಿನ ಪ್ರಕಾರ ಪುಲ್ಲಿಂಗದ ಪದದಲ್ಲಿ ಹೆಂಗಸರೂ ಸೇರುತ್ತಾರೆ, ಏಕವಚನದಲ್ಲಿ ಬಹುವಚನವೂ ಬಹುವಚನದಲ್ಲಿ ಏಕವಚನವೂ ಅಡಗಿರುತ್ತವೆ ಎಂದೂ ಅವರು ಬೆರಳೆತ್ತಿ ಹೇಳಿದರು. ಇಷ್ಟೆಲ್ಲವನ್ನೂ ಒಂದು ಹೀ ಒಳಗೆ ತುಂಬಿದ ಮೇಲೆ ಎಮ್ಮೆಗೆ ಜಾಗ ಉಳಿದಿದೆಯೇ ಎಂಬ ನನ್ನ ಪ್ರಶ್ನೆಗೆ ಅವರು ಉತ್ತರಿಸಲಿಲ್ಲ.

ಎಮ್ಮೆ ಬಂದದ್ದು ನಾಲ್ಕನೆಯ ಸಾಲಿನಲ್ಲಿ. ಪತ್ರದ ಜೀವಾಳವೇ ಆಗಿದ್ದ ಆ ವಾಕ್ಯ ಹೀಗಿತ್ತು: ‘ಮೈ ಗ್ರ್ಯಾಂಡ್‌ಫಾದರ್ ಟೋಲ್ಡ್ ಯುವರ್ ಫಾದರ್ ದಟ್ ಹಿಸ್ ಬಫೆಲೋ ಹ್ಯಾಡ್ ಈಟನ್ ಹಿಸ್ ರಾಗಿ ಆ್ಯಂಡ್ ದಟ್ ಹೀ ವಾಸ್ ವೆರಿ ಸಾರಿ ಫಾರ್ ಹಿಮ್.’

ಮೇಷ್ಟ್ರು ಎರಡು ಸಲ ಓದಿದರು. ಆಮೇಲೆ ಚಟ್ನಿಯ ಬಟ್ಟಲನ್ನು ಸಾಹುಕಾರರೆಂದೂ, ಸಾಂಬಾರಿನ ಬಟ್ಟಲನ್ನು ಪಕ್ಕದ ಹೊಲದವರೆಂದೂ, ನಡುವೆ ಉಳಿದಿದ್ದ ನನ್ನ ಅರ್ಧ ಇಡ್ಲಿಯನ್ನು ಎಮ್ಮೆಯೆಂದೂ ಇರಿಸಿಕೊಂಡು ಲೆಕ್ಕಕ್ಕೆ ಇಳಿದರು. ಮೊದಲ ಹಿಸ್ ಇಬ್ಬರಲ್ಲಿ ಯಾರದಾದರೂ ಆಗಬಹುದು, ಎರಡನೆಯ ಹಿಸ್ ಕೂಡ ಹಾಗೆಯೇ, ಹೀ ಇಬ್ಬರಲ್ಲೊಬ್ಬ, ಹಿಮ್ ಇಬ್ಬರಲ್ಲೊಬ್ಬ. ಒಟ್ಟು 16 ಅರ್ಥಗಳಾಯಿತೆಂದು ವಕೀಲರು ಘೋಷಿಸಿದರು. ಒಂದೊಂದಕ್ಕೆ ಒಂದೊಂದು ದಾವೆ ಹೂಡಬಹುದೆಂಬ ಹಿಗ್ಗು ಅವರ ಮುಖದಲ್ಲಿ ಕಾಣುತ್ತಿತ್ತು. ಎಂಟು ಎಂದು ಮೇಷ್ಟ್ರು ತಿದ್ದಿದರು. ಕೊನೆಯ ಹೀ ಮತ್ತು ಹಿಮ್ ಇಬ್ಬರೂ ಒಬ್ಬನೇ ಆಗಲಾರರು. ತನ್ನ ಬಗ್ಗೆ ತಾನೇ ಮರುಗಿದ್ದರೆ ಅಲ್ಲಿ ಹಿಮ್‌ಸೆಲ್ಫ್ ಬರಬೇಕಿತ್ತು. ಹುಡುಗ ಮೈಸೆಲ್ಫ್ ಅನ್ನು ಬೇಡದ ಕಡೆ ಖರ್ಚು ಮಾಡಿದ್ದರೂ ಇಲ್ಲಿ ಮಾತ್ರ ವ್ಯಾಕರಣ ತಪ್ಪಿಲ್ಲ, ಎಲ್ಲ ರೂಪವೂ ಸರಿಯಾಗಿಯೇ ಇದೆ, ಅರ್ಥ ಮಾತ್ರ ಇಲ್ಲ ಎಂದು ಅವರು ತೀರ್ಪು ಕೊಟ್ಟರು.

ಮುಂದಿನ ಸಾಲಿನಲ್ಲಿ ‘ಇಟ್ಸ್ ಟೀತ್’ ಎಂಬಲ್ಲಿ ಟಿ ಮತ್ತು ಎಸ್ ನಡುವೆ ಮೇಲೊಂದು ಕೊಕ್ಕೆ ಇತ್ತು. ಅದನ್ನು ಮೇಷ್ಟ್ರು ಪೆನ್ನಿನಿಂದ ಹೊಡೆದು ಹಾಕಿದರು. ಕೊಕ್ಕೆ ಹಾಕಿದರೆ ‘ಅದು ಹಲ್ಲು ಆಗಿದೆ’ ಎಂದಾಗುತ್ತದೆ. ಹಿಸ್‌ಗೆ ಕೊಕ್ಕೆಯಿಲ್ಲ, ಅವರ್ಸ್‌ಗೆ ಇಲ್ಲ, ದೇರ್ಸ್‌ಗೆ ಇಲ್ಲ, ಇಟ್ಸ್‌ಗೆ ಏಕೆ? ಕೊಂಬಿರುವುದು ಎಮ್ಮೆಗೇ ಹೊರತು ಅದರ ಸರ್ವನಾಮಕ್ಕಲ್ಲ. ಈ ಇಟ್ಸ್ ಎಂಬುದೇ ಆ ಭಾಷೆಗೆ ತಡವಾಗಿ ಬಂದ ನೆಂಟ, 1611ರಲ್ಲಿ ಅಚ್ಚಾದ ಇಂಗ್ಲಿಷ್ ಬೈಬಲಿನಲ್ಲಿ ಅದು ಇರಲಿಲ್ಲ, ‘ಅದರ’ ಎನ್ನಬೇಕಾದ ಕಡೆಯೂ ಹೆಚ್ಚಾಗಿ ಹಿಸ್ ಎಂದೇ ಬರೆಯುತ್ತಿದ್ದರು ಎಂದು ಅವರು ಹೇಳಿದ್ದೇ ತಡ, ವಕೀಲರು ಕುರ್ಚಿಯಿಂದ ಮುಂದೆ ಬಾಗಿದರು.

“ಹಾಗಿದ್ದರೆ ಹಳೆಯ ಪದ್ಧತಿಯಂತೆ ರಾಗಿ ಎಮ್ಮೆಯದೇ ಆಗಬಹುದು. ತನ್ನ ರಾಗಿಯನ್ನು ತಾನು ತಿಂದ ಎಮ್ಮೆಯ ಮೇಲೆ ಯಾವ ಮೊಕದ್ದಮೆಯೂ ನಿಲ್ಲುವುದಿಲ್ಲ.”

ಮೇಷ್ಟ್ರು ಆ ಮಾತಿಗೆ ಕಿವಿಗೊಡದೆ, ಇದೇ ವಾಕ್ಯ ಕನ್ನಡದಲ್ಲಿದ್ದರೆ ಇಷ್ಟು ರಾದ್ಧಾಂತವೇ ಇರುತ್ತಿರಲಿಲ್ಲವೆಂದರು. ನಮ್ಮಲ್ಲಿ ಆತ್ಮಾರ್ಥಕ ಸರ್ವನಾಮವೆಂಬುದಿದೆ. ‘ತಾತನು ಪಕ್ಕದವನಿಗೆ, ತನ್ನ ಎಮ್ಮೆ ಅವನ ರಾಗಿ ತಿಂದಿತೆಂದು ಹೇಳಿದನು’ ಎಂದರೆ ಎಮ್ಮೆ ತಾತನದು, ರಾಗಿ ಪಕ್ಕದವನದು. ‘ಅವನ ಎಮ್ಮೆ ತನ್ನ ರಾಗಿ’ ಎಂದು ಅದಲುಬದಲು ಮಾಡಿದರೆ ನಷ್ಟವೂ ಅದಲುಬದಲು. ಇಂಗ್ಲಿಷಿನ ಹಿಸ್ ಮಾಡಲಾರದ ಕೆಲಸವನ್ನು ‘ತನ್ನ’ ಎಂಬ ಎರಡಕ್ಷರ ಮಾಡುತ್ತದೆ. ಇಷ್ಟು ಹೇಳಿ ಅವರು ಎಮ್ಮೆಯ ಪಾತ್ರದಲ್ಲಿದ್ದ ನನ್ನ ಇಡ್ಲಿಯನ್ನು ಎತ್ತಿ ಬಾಯಿಗೆ ಹಾಕಿಕೊಂಡರು.

“ಮೊಮ್ಮಗ ನನ್ನನ್ನು ‘ಹೇಳಿದನು’ ಎಂದು ಬರೆಯುವುದೇ?” ಎಂದು ಸಾಹುಕಾರರು ತಕರಾರು ತೆಗೆದರು.

ಅದು ನ್ಯಾಯವಾದ ತಕರಾರೇ ಆಗಿತ್ತು. ಗೌರವ ಸೇರಿಸಿ ‘ತಾತನವರು ತಮ್ಮ ಎಮ್ಮೆ’ ಎಂದು ಬರೆಯೋಣವೆಂದರೆ, ‘ತಮ್ಮ’ ಎಂಬುದು ಓದುವವನನ್ನೇ ಉದ್ದೇಶಿಸಿದ ಮರ್ಯಾದೆಯ ಮಾತೂ ಆಗಿ, ಬೆಂಗಳೂರಿನ ಹುಡುಗ ಎಮ್ಮೆ ತನ್ನದೆಂದು ತಿಳಿದುಕೊಳ್ಳುವ ಅಪಾಯವಿತ್ತು. ತಮ್ಮನೊಬ್ಬ ಎಮ್ಮೆ ಸಾಕಿದ್ದಾನೆಂದೂ ತಿಳಿಯಬಹುದೆಂದು ವಕೀಲರು ಮತ್ತೊಂದು ಸೇರಿಸಿದರು. ಕನ್ನಡವೂ ಮರ್ಯಾದೆ ಕೊಡಲು ಹೋದ ಕೂಡಲೇ ಮಬ್ಬಾಗುವುದನ್ನು ಕಂಡು ಮೇಷ್ಟ್ರು ಸ್ವಲ್ಪ ಹೊತ್ತು ಕಾಫಿಯನ್ನೇ ನೋಡುತ್ತ ಕುಳಿತರು. ಕೊನೆಗೆ ವಕೀಲರು ತಮ್ಮ ವೃತ್ತಿಯ ದಾರಿ ತೋರಿಸಿದರು. ಸರ್ವನಾಮವನ್ನು ನಂಬಲೇಬಾರದು, ಹಿಸ್ ಇರುವ ಕಡೆಯೆಲ್ಲ ಹೆಸರನ್ನೇ ಬರೆಯಬೇಕು, ಬೇಕಾದರೆ ‘ಸದರಿ ಎಮ್ಮೆ’ ಎನ್ನಬೇಕು. ವಾಕ್ಯ ಓದಲು ಹಿತವಾಗಿರುವುದಿಲ್ಲ, ಆದರೆ ತಪ್ಪಿಸಿಕೊಳ್ಳಲು ಯಾರಿಗೂ ಸಂದಿಯಿರುವುದಿಲ್ಲ. ಮೇಷ್ಟ್ರೂ ಒಪ್ಪಿ, ಪೆನ್ನಿನ ಮುಚ್ಚಳ ತೆಗೆದು, ಮೊದಲ ಹಿಸ್ ಮೇಲೆ ತುದಿಯಿಟ್ಟು, ಇಲ್ಲಿ ಯಾರ ಹೆಸರು ಬರೆಯಲಿ ಎಂದು ಕೇಳಿದರು.

ಸಾಹುಕಾರರು ನಿಧಾನವಾಗಿ ಕಾಗದವನ್ನು ಪೆನ್ನಿನ ಕೆಳಗಿನಿಂದ ಎಳೆದುಕೊಂಡರು. ಹಳೆಯ ಮಡಿಕೆಗಳ ಮೇಲೆಯೇ ನಾಲ್ಕಾಗಿ ಮಡಚಿದರು. ದೇ ಎಂಬುದನ್ನು ತಿದ್ದಿಸುವುದಾಗಿಯೂ, ಮೈಸೆಲ್ಫ್ ತೆಗೆಸುವುದಾಗಿಯೂ, ಕೊಕ್ಕೆಯನ್ನಂತೂ ಮೇಷ್ಟ್ರು ಆಗಲೇ ಹೊಡೆದು ಹಾಕಿರುವುದಾಗಿಯೂ, ನಾಲ್ಕನೆಯ ಸಾಲು ಮಾತ್ರ ವ್ಯಾಕರಣಶುದ್ಧವಾಗಿದೆಯೆಂದು ಮೇಷ್ಟ್ರೇ ಹೇಳಿರುವುದರಿಂದ ಅದನ್ನು ಮುಟ್ಟುವ ಅಗತ್ಯವಿಲ್ಲವೆಂದೂ ಹೇಳಿ, ಪತ್ರವನ್ನು ಜೇಬಿಗೆ ಸೇರಿಸಿದರು.

ಮೂವರೂ ಅವರ ಮುಖವನ್ನೇ ನೋಡಿದೆವು.

“ಸಾಹುಕಾರರೇ, ನಮ್ಮಲ್ಲಿಯೇ ಇರಲಿ, ನಿಜ ಹೇಳಿಬಿಡಿ. ಆ ಎಮ್ಮೆ ಯಾರದು?” ಎಂದು ವಕೀಲರು ಕೇಳಿದರು.

ಸಾಹುಕಾರರು ಲೋಟದ ತಳದ ಕಾಫಿಯನ್ನು ಮುಗಿಸಿ, ಶಲ್ಯದಿಂದ ಮೀಸೆ ಒರೆಸಿಕೊಂಡು, ಜೀವಮಾನದಲ್ಲೇ ಮೊದಲ ಬಾರಿಗೆ ನಮ್ಮೆದುರು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರು.

“ಹಿಸ್.”